ಒಂದೇ ಕ್ಯಾಮೆರಾ, ಎರಡು ಸಿಸ್ಟಮ್

ಇದು ಹೊಸದುರ್ಗದ ನಮ್ಮ ಮನೆಯಲ್ಲೇ, ಹಾಡಹಗಲಲ್ಲಿ ನಡೆದದ್ದು. ನಾನು ಜನರಿಗೆ ಅರ್ಜಿ ಟೈಪ್ ಮಾಡಿಕೊಡುವ ಕೆಲಸಕ್ಕೆ ವಿಂಡೋಸ್, ಮಗಳು ದಾಕ್ಷಾಯಿಣಿಯ ಕಾಲೇಜಿಗೆ ಲಿನಕ್ಸ್ ಎಂದು ರಿಪೇರಿಯ ಹಾಲೇಶ್ ಒಂದೇ ಕಂಪ್ಯೂಟರಿಗೆ ಎರಡೂ ಸಿಸ್ಟಮ್ ಹಾಕಿ, ಒಂದಾದ ಮೇಲೊಂದರಲ್ಲಿ ಕ್ಯಾಮೆರಾ ಪರೀಕ್ಷಿಸಿದ. ಅದರ ಮುಂದೆಯೇ ನಾನು ಮಗಳಿಗೆ ಜಡೆ ಹಾಕುತ್ತಿದ್ದೆ. ವಿಂಡೋಸಿನಲ್ಲಿ ಇಬ್ಬರೂ ಕಂಡೆವು. ಲಿನಕ್ಸಿನಲ್ಲಿ ನಾನೊಬ್ಬಳೇ ಕೂತು ಗಾಳಿಗೆ ಜಡೆ ಹೆಣೆಯುತ್ತಿದ್ದೆ.

"ಅವ್ವಾ, ನಾನೆಲ್ಲಿ?" ಎಂದಳು ಮಗಳು.

"ಸಾಫ್ಟ್‌ವೇರ್ ಕೆಟ್ಟೈತೆ ಅಕ್ಕಾ, ಹೆದರ್ಬ್ಯಾಡ್ರಿ. ಲಿನಕ್ಸ್ ಅಳಿಸಿಬಿಡ್ಲಾ?" ಎಂದು ಹಾಲೇಶ್ ಮೌಸಿನತ್ತ ಕೈ ಚಾಚಿದ.

"ಲೇ, ಮುಟ್ಟಬ್ಯಾಡ!" ಎಂದು ಚೀರಿದೆ. "ಯಾವ್ದು ಅಳಿಸಿದ್ರೆ ನನ್ನ ಮಗಳು ಉಳೀತಾಳೆ ಅಂತ ನಿಂಗೇನ್ ಗೊತ್ತು?"

ಕ್ಯಾಮೆರಾ ಬದಲಾಯಿಸಿದರೂ ಅದೇ. ಎರಡೂ ಸಿಸ್ಟಮ್ ಇಂದಿಗೂ ಹಾಗೇ ಇವೆ. ಆವತ್ತಿನಿಂದ ಮಗಳ ಕೂದಲು ಮಾತ್ರ ಎಷ್ಟು ಹೊತ್ತು ಬಿಸಿಲಲ್ಲಿ ಕೂತರೂ ಬೆಚ್ಚಗಾಗುವುದಿಲ್ಲ.