ವೇದಿಕೆಯ ಆಚೆ ಬದಿ

ಟಿಕೆಟ್‌ಗಳನ್ನು ಜೋಡಿಯಾಗಿಯೇ ಕೊಟ್ಟಿದ್ದರು. ಜಾಗ ಮಾತ್ರ ಬೇರೆ ಬೇರೆ.

“ನೀನು ಎಡಗಡೆ ಬೆಂಚು ಬಂಗಾರ, ಅವರು ಬಲಗಡೆ,” ಎಂದಳು ಟಾರ್ಚ್ ಹಿಡಿದು ಜಾಗ ತೋರಿಸುತ್ತಿದ್ದ ಹೆಂಗಸು.

“ನಾವು ಒಟ್ಟಿಗೆ ಬಂದಿದ್ದೀವಿ,” ಎಂದೆ.

“ಒಟ್ಟಿಗೇ ಇರ್ತೀರಲ್ಲ! ಒಂದೇ ಸ್ಟೇಜು. ಮಧ್ಯೆ ಒಂದು ನಾಟಕ ನಡೀತಿರುತ್ತೆ, ಅಷ್ಟೆ.”

ಅಗ್ಗದ ಟಿಕೆಟ್ಟಿನವರನ್ನು ಅಲ್ಲಿ ವೇದಿಕೆಯ ಮೇಲೆಯೇ ಎರಡೂ ಬದಿಗೆ ಕೂರಿಸುತ್ತಾರೆ. ಯಾರನ್ನಾದರೂ ಕೇಳಿ ಜಾಗ ಬದಲಿಸಿಕೊಳ್ಳಬಹುದಿತ್ತು. ಜೊತೆಗಿದ್ದ ಎವರ್ಟ್ ಹಾಗೆಲ್ಲ ಕೇಳುವವನಲ್ಲ. “ಸರಿ ಹಾಗಾದ್ರೆ,” ಎಂದು ನಕ್ಕು ಬಲಗಡೆ ಹೋದ. ಅವನ ಆ “ಸರಿ ಹಾಗಾದ್ರೆ”ಯನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು.

ನಾವಿಬ್ಬರೂ ಮಿಷಿಗನ್‌ನ ಒಂದೇ ಊರಿನವರು, ಒಂದೇ ಡಚ್ ಚರ್ಚಿನಲ್ಲಿ ಬೆಳೆದವರು. ಶಿಕಾಗೋದಲ್ಲಿ ಮತ್ತೆ ಸಿಕ್ಕ ಮೇಲೆ ಪ್ರತಿ ಭಾನುವಾರ ಜೊತೆಗೆ ಸೂಪು, ಸಿನಿಮಾ, ಸರೋವರದ ದಂಡೆಯಲ್ಲಿ ನಡಿಗೆ. ಬೀಳ್ಕೊಡುವಾಗ ಅವನದು ಪಕ್ಕದಪ್ಪುಗೆ. ಹುಡುಗಿಯರನ್ನು ಹೆಗಲಿಗೆ ಹೆಗಲು ತಾಗಿಸಿ, ಎದೆಯನ್ನು ದೂರವಿಟ್ಟು ಅಪ್ಪಿಕೊಳ್ಳುವುದನ್ನು ನಮ್ಮ ಚರ್ಚಿನ ಹುಡುಗರಿಗೆ ಪಾಠದಂತೆ ಕಲಿಸುತ್ತಿದ್ದರು. ಇಡೀ ಚಳಿಗಾಲ ಕಳೆದರೂ ನನಗೆ ಪರಿಚಯವಾದದ್ದು ಅವನ ಎಡ ಹೆಗಲು ಮಾತ್ರ.

ಅದಕ್ಕೇ ಈ ನಾಟಕವನ್ನು ಆರಿಸಿದ್ದೆ. ಊರೆಲ್ಲ ಗುಸುಗುಸು ಎಬ್ಬಿಸಿದ್ದ ರಾಕ್ ಸಂಗೀತ ನಾಟಕ. ಕ್ರೈಸ್ತ ಕಾಲೇಜೊಂದರ ಹಾಸ್ಟೆಲ್. ತಮ್ಮ ಮೈಯ ಬಗ್ಗೆ ಯಾರೂ ಏನೂ ಹೇಳಿಕೊಡದಿದ್ದುದಕ್ಕೆ ಗಿಟಾರ್ ಹಿಡಿದು ಕೂಗಾಡುವ ವಿದ್ಯಾರ್ಥಿಗಳು. ಇದನ್ನು ನೋಡಿಯೂ ಎವರ್ಟ್ ಬಾಯಿ ಬಿಡದಿದ್ದರೆ ಇನ್ನು ಭಾನುವಾರಗಳು ಬೇಡ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ಡ್ರಮ್ಮಿನ ಪೆಟ್ಟು ಬೆಂಚಿನ ಮೂಲಕ ನೇರ ಬೆನ್ನಿಗೆ ಬಡಿಯುತ್ತಿತ್ತು. ನಾಯಕಿ ನನ್ನ ಮಂಡಿಗೆ ತಾಗುವಷ್ಟು ಹತ್ತಿರ ನಿಂತು ತನಗೆ ಏನು ಬೇಕೆಂದು ಹಾಡಿದಳು. ಎಷ್ಟು ಸುಲಭವಾಗಿ ಹೇಳಿಬಿಟ್ಟಳು! ಆಮೇಲೆ ಬಟ್ಟೆ ಒಗೆಯುವ ಕೋಣೆಯ ದೃಶ್ಯ ಬಂತು. ನಾಯಕ ಅವಳ ಅಂಗಿಯ ಗುಂಡಿಗೆ ಕೈ ಹಾಕಿದಾಗ ಸಭಾಂಗಣ ಉಸಿರು ಬಿಗಿಹಿಡಿಯಿತು.

ನಾನು ಎವರ್ಟ್‌ನನ್ನು ನೋಡಿದೆ. ಅವನು ತನ್ನ ಶೂ ನೋಡುತ್ತಿದ್ದ. ದೃಶ್ಯ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ವಿರಾಮದಲ್ಲಿ ಹೊರಗೆ ಸಿಕ್ಕ.

“ಹೇಗಿದೆ?” ಎಂದೆ.

“ಬೇರೆ ಥರ ಇದೆ.”

ನಮ್ಮೂರಿನಲ್ಲಿ ಅದು ಹೊಗಳಿಕೆಯಲ್ಲ. ಚರ್ಚಿನ ಊಟಕ್ಕೆ ಯಾರೋ ತಂದ ಸಲಾಡನ್ನು ಎರಡನೇ ಸಲ ಬಾಯಿಗಿಡಲು ಆಗದಿದ್ದಾಗ ಹೇಳುವ ಮಾತು.

“ಇಷ್ಟ ಆಗಲಿಲ್ಲ ಅನ್ನು ಎವರ್ಟ್. ಬಾಯಿಬಿಟ್ಟು ಅನ್ನು.”

“ಹಾಗಲ್ಲ ಕೊರಿ. ಸ್ವಲ್ಪ ಜೋರಾಗಿದೆ.”

“ನಿನಗೆ ಕಂಡದ್ದು ಅದೊಂದೇನಾ? ಸದ್ದು?”

ಅವನ ಕಿವಿ ಕೆಂಪಾಯಿತು. ಜೇಬು ತಡಕಾಡಿ ಬಿಳಿ ಪೆಪ್ಪರ್‌ಮಿಂಟೊಂದನ್ನು ಚಾಚಿದ. ಪ್ರವಚನದ ನಡುವೆ ಮಕ್ಕಳು ಗಲಾಟೆ ಮಾಡದಿರಲೆಂದು ನಮ್ಮ ಅಜ್ಜಂದಿರು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದಂಥದ್ದು.

“ನನ್ನ ಬಾಯಿ ಮುಚ್ಚಿಸ್ತಿದ್ದೀಯಾ?”

“ಅಯ್ಯೋ, ಗಂಟಲು ಒಣಗಿರಬಹುದು ಅಂತ...”

ಒಣಗಿರುವುದು ಗಂಟಲಲ್ಲ ಎನ್ನಬೇಕೆಂದುಕೊಂಡೆ. ಬೆಲ್ ಆಯಿತು. ಪೆಪ್ಪರ್‌ಮಿಂಟನ್ನು ಕಟಕಟ ಕಡಿದು ನುಂಗಿದೆ.

ಮುಂದಿನ ಭಾಗದಲ್ಲಿ ನಾಯಕ ಸತ್ತ. ನನಗೆ ಅಳು ಬರಲಿಲ್ಲ. ಮುಂದಿನ ಭಾನುವಾರ ಎವರ್ಟ್‌ಗೆ ಏನು ಸುಳ್ಳು ಹೇಳಿ ತಪ್ಪಿಸಿಕೊಳ್ಳಲಿ ಎಂದು ಯೋಚಿಸುತ್ತಿದ್ದೆ. ಕೊನೆಯ ಹಾಡಿಗೆ ಗಿಟಾರ್‌ಗಳು ಸುಮ್ಮನಾದವು. ಆರ್ಗನ್ ಮಾತ್ರ ಮೆಲ್ಲಗೆ ಎದ್ದಿತು. ನಟರು ಒಬ್ಬೊಬ್ಬರಾಗಿ ಮುಂದೆ ಬಂದು, ನಾಲ್ಕು ದನಿಯಲ್ಲಿ, ಥೇಟ್ ನಮ್ಮ ಚರ್ಚಿನ ಹಾಗೆ ಹಾಡತೊಡಗಿದರು.

ಎವರ್ಟ್ ಎದ್ದು ನಿಂತ.

ವೇದಿಕೆಯ ಮೇಲೆ ಕೂತವರು ಯಾವ ಕಾರಣಕ್ಕೂ ಏಳಕೂಡದೆಂದು ಮೊದಲೇ ಎಚ್ಚರಿಸಿದ್ದರು. ಅವನು ಮಾತ್ರ ಕೈ ಮುಂದೆ ಕಟ್ಟಿಕೊಂಡು, ಕತ್ತು ತುಸು ಬಾಗಿಸಿ, ಹಾಲ್ ತುಂಬ ಕೂತ ಜನರ ಎದುರು ನೆಟ್ಟಗೆ ನಿಂತಿದ್ದ. ಕೊನೆಯ ಹಾಡಿಗೆ ಏಳುವುದು ನಮಗೆ ತೊಟ್ಟಿಲಿನಿಂದ ಬಂದ ಅಭ್ಯಾಸ. ಯಾರೋ ಕಿಸಕ್ಕೆಂದರು. ಆಗ ಅವನಿಗೆ ತಾನು ಎಲ್ಲಿದ್ದೇನೆಂದು ಗೊತ್ತಾಯಿತು. ಕೂರಲೂ ಆಗದೆ, ನಿಲ್ಲಲೂ ಆಗದೆ, ಅಂದು ಮೊದಲ ಬಾರಿಗೆ ನೇರವಾಗಿ ನನ್ನನ್ನು ನೋಡಿದ.

ನಾಲ್ಕು ಜನ ತಿರುಗಿ ನೋಡುತ್ತಾರೆಂದರೆ ಬೀದಿಯ ಆಚೆ ಬದಿಗೆ ದಾಟುವವಳು ನಾನು. ಆದರೂ ಎದ್ದೆ. ಹಾಡು ಮುಗಿಯುವವರೆಗೆ ಇಬ್ಬರೂ ಎದುರುಬದುರು ನಿಂತೇ ಇದ್ದೆವು.

ಹೊರಗೆ ಬಸ್ ನಿಲ್ದಾಣದಲ್ಲಿ ಗಾಳಿ ಕೊರೆಯುತ್ತಿತ್ತು.

“ನಾನೇನೋ ಪೆದ್ದ. ನೀನ್ಯಾಕೆ ಎದ್ದೆ?” ಎಂದ.

“ನೀನೊಬ್ಬನೇ ನಿಂತಿದ್ದೆ.” ಇಷ್ಟು ಹೊತ್ತು ಅದುಮಿದ್ದೆಲ್ಲ ಉಕ್ಕಿಬಂತು. “ಆ ದೃಶ್ಯ ಪೂರ್ತಿ ಶೂ ನೋಡ್ಕೊಂಡು ಕೂತೆಯಲ್ಲ! ಅಷ್ಟು ಅಸಹ್ಯ ಆಯ್ತಾ ನಿನಗೆ?”

“ಅಸಹ್ಯಾನಾ?” ಅವನು ಬೆಚ್ಚಿದ. “ಅವರನ್ನ ನೋಡೋಕೆ ತಲೆ ಎತ್ತಿದ್ರೆ ಹಿಂದೆ ನೀನು ಕಾಣ್ತಿದ್ದೆ, ಕೊರಿ. ಅವನು ಆ ಗುಂಡಿ ಬಿಚ್ತಾ ಇದ್ದಾಗ ನಿನ್ನ ಮುಖ ನೋಡ್ಲಾ? ನನ್ನ ತಲೇಲಿ ಏನು ಓಡ್ತಿತ್ತು ಅಂತ ನಿನಗೆ ಗೊತ್ತಾಗಿಬಿಡ್ತಿತ್ತು.”

“ಗೊತ್ತಾಗ್ಲಿ ಅಂತಲೇ ಕಣೋ ನಾನು ಕರ್ಕೊಂಡು ಬಂದಿದ್ದು!”

ಇನ್ನೊಂದು “ಸರಿ ಹಾಗಾದ್ರೆ” ಬಂದರೆ ಕಿರುಚಿಬಿಡುತ್ತೇನೆ ಅನ್ನಿಸಿತು.

“ನೀನಂದ್ರೆ ನನಗೆ ತುಂಬಾ ಇಷ್ಟ,” ಎಂದ, ಲೆಕ್ಕ ತಪ್ಪಿ ಸಿಕ್ಕಿಬಿದ್ದವನಂತೆ. “ಹೋದ ಅಕ್ಟೋಬರ್‌ನಿಂದ. ಹೇಗೆ ಹೇಳೋದು ಅಂತ ನನಗೂ ಯಾರೂ ಕಲಿಸಿಲ್ಲ.”

ಅವನ ಮಫ್ಲರ್ ಹಿಡಿದು ಎಳೆದು ಮುತ್ತಿಟ್ಟೆ. ಮೂಗಿಗೆ ಮೂಗು ಬಡಿಯಿತು, ಆಮೇಲೆ ಹಲ್ಲಿಗೆ ಹಲ್ಲು.

“ಸಾರಿ, ಸಾರಿ,” ಎಂದ.

“ಇನ್ನೊಂದು ಸಲ ಸಾರಿ ಕೇಳಿದ್ರೆ ಮನೆಗೆ ಹೋಗ್ತೀನಿ.”

“ಮತ್ತೇನು ಕೇಳ್ಲಿ?”

“ಇನ್ನೊಂದು ಕೇಳು.”

ನಮ್ಮ ಬಸ್ಸು ಬಂತು. ಬಾಗಿಲು ತೆರೆದ ಡ್ರೈವರ್ ಸ್ವಲ್ಪ ಹೊತ್ತು ಕಾದು, ಏನೋ ಗೊಣಗಿ, ಬಾಗಿಲು ಮುಚ್ಚಿಕೊಂಡು ಹೊರಟುಹೋದ.