ಎಡ ಭುಜದ ಮೊಳೆ

"ಅದನ್ನ ಮಾತ್ರ ಮುಟ್ಟಬೇಡ," ಎಂದರು ಡಾಕ್ಟರ್ ನಂಜುಂಡಪ್ಪ. "ಈ ಮನೇಲಿ ಹನ್ನೊಂದು ವರ್ಷ ಬಾಡಿಗೆಗಿದ್ದೆ. ಧೂಳು ಕೂಡ ಒರೆಸಿಲ್ಲ ಕಣಮ್ಮ."

ಐರ್ಲೆಂಡಿನ ಕಿಲ್ಕೆನ್ನಿ ಊರಿನ ಆ ಹಳೆಯ ಮನೆಯ ಮೆಟ್ಟಿಲ ಕೆಳಗೆ ಮರದ ಗೊಂಬೆಯೊಂದು ನಿಂತಿತ್ತು. ಮೈತುಂಬ ಮೊಳೆ. ಮನೆಯೊಡತಿಯ ಮುತ್ತಾತ ಕಾಂಗೋ ಕಾಡಿಗೆ ದಂಡು ಕಟ್ಟಿಕೊಂಡು ಹೋಗಿದ್ದವನು. ದಾರಿ ತಪ್ಪಿ, ಆಹಾರ ಮುಗಿದು, ಹೊರೆ ಹೊರಲಾರದೆ ಕುಸಿದ ಆಳುಗಳನ್ನು ಬಿದ್ದಲ್ಲೇ ಗುಂಡಿಟ್ಟು ಕೊಂದ. ಒಬ್ಬೊಬ್ಬ ಸತ್ತವನ ಸಿಟ್ಟನ್ನೂ ಉಳಿದವರು ಒಂದೊಂದು ಮೊಳೆ ಹೊಡೆದು ಇದರೊಳಗೆ ಕಟ್ಟಿದರಂತೆ, ಗುಂಡು ಹೊಕ್ಕ ಜಾಗದಲ್ಲೇ. ಅದನ್ನೂ ಅವನು ಹೊತ್ತು ತಂದ.

ನಿಸರ್ಗಾ ನಕ್ಕಳು. ಈಗ ಆ ಮನೆಗೆ ಬಾಡಿಗೆಗೆ ಬಂದವಳು, ಐರ್ಲೆಂಡಿಗೆ ಬಂದು ತಿಂಗಳಾಗಿದ್ದ ಮೂಳೆ ಸರ್ಜನ್. "ಸರ್, ದಿನಾ ಮೂಳೆಯಿಂದಲೇ ಕಬ್ಬಿಣ ಕೀಳ್ತೀನಿ. ಮರ ಏನು ಮಹಾ?"

"ಗೊಂಬೆಗೂ ಆಪರೇಷನ್ನಾ? ಪಾಪ!" ಗಂಡ ಅಶ್ವಿನ್ ಅಡುಗೆಮನೆಯಿಂದ ಕೂಗಿದ.

ನಂಜುಂಡಪ್ಪ ಚಹಾ ಮುಟ್ಟದೆ ಎದ್ದುಹೋದರು.

ಅವಳು ಇಕ್ಕಳ ತಂದಳು. ಎಡ ಭುಜದ ಮೊಳೆ ಕಿರುಗುಟ್ಟುತ್ತ ಈಚೆ ಬಂತು. ತೂತಿನಿಂದ ಸಿಡಿಮದ್ದಿನ ವಾಸನೆ ಹೊಮ್ಮಿತು.

ಅಡುಗೆಮನೆಯಲ್ಲಿ ಗುಂಡು ಹಾರಿದ ಸದ್ದು.

ಅಶ್ವಿನ್ ಒಲೆಯ ಮುಂದೆ ಬಿದ್ದಿದ್ದ. ಎಡ ಭುಜ ಸೀಳಿ ಬಿಳಿ ಮೂಳೆ ಕಾಣುತ್ತಿತ್ತು. ಅವಳು ಟವೆಲ್ ಒತ್ತಿ ಹಿಡಿದು ಆಂಬುಲೆನ್ಸಿಗೆ ಫೋನ್ ಮಾಡಿದಳು. ಬೆರಳ ಸಂದಿಯಿಂದ ರಕ್ತ ಉಕ್ಕಿತು. ಮೆಟ್ಟಿಲ ಕಡೆಯಿಂದ ಟಿಣ್ ಎಂದಿತು. ಇನ್ನೊಂದು ಮೊಳೆ ತಾನಾಗಿ ಉದುರಿತ್ತು. ಅಶ್ವಿನ್‌ನ ತೊಡೆ ಸಿಡಿಯಿತು.

"ನಿಸೀ... ಏನೇ ಇದು..."

ಸುತ್ತಿಗೆ ಹಿಡಿದು ಗೊಂಬೆಯ ಬಳಿಗೆ ಓಡಿದಳು. ಕಿತ್ತ ಮೊಳೆಯನ್ನು ಮತ್ತೆ ಹೊಡೆಯಲು ನೋಡಿದಳು. ತೂತೇ ಇರಲಿಲ್ಲ. ಮರ ಮುಚ್ಚಿಕೊಂಡಿತ್ತು. ಎದೆಯ ಮೊಳೆ ಅಲುಗತೊಡಗಿತು. ಸುತ್ತಿಗೆ ಜಾರಿತು. ಕಿತ್ತ ಮೊಳೆ ಅವಳ ಅಂಗೈಗೆ ಚುಚ್ಚಿತು. ಎದೆಯ ಮೊಳೆ ನಿಂತಿತು. ಕೈ ತೆಗೆದಳು. ಮತ್ತೆ ಅಲುಗಿತು.

ಕಿತ್ತ ಮೊಳೆಗೆ ಮರವಲ್ಲ, ಮೈ ಬೇಕಿತ್ತು.

ಮೊಳೆಯನ್ನು ಮೊನೆ ಮೇಲಾಗಿ ಮೆಟ್ಟಿಲ ಬಿರುಕಿಗೆ ಸಿಕ್ಕಿಸಿದಳು. ಆಪರೇಷನ್ ಕತ್ತಿ ಹಿಡಿಯುವ ಬಲಗೈ ಎತ್ತಿದಳು. ಅಪ್ಪಳಿಸಿದಳು. ಮೊನೆ ಅಂಗೈ ತೂರಿ ಆಚೆ ಬಂತು.

ಮನೆ ತಣ್ಣಗಾಯಿತು. ಅಶ್ವಿನ್ ಉಸಿರಾಡುತ್ತಿದ್ದ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಅಕ್ಕಪಕ್ಕದ ಆಪರೇಷನ್ ಥಿಯೇಟರು. ಅವಳ ಕೈಯನ್ನಷ್ಟೇ ಮರಗಟ್ಟಿಸಿ, ಕಾಣದಂತೆ ಹಸಿರು ಬಟ್ಟೆ ಅಡ್ಡ ಕಟ್ಟಿದರು.

"ಮೊಳೆ ತೆಗೀಬೇಡಿ. ನನ್ನ ಗಂಡ ಸಾಯ್ತಾರೆ," ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡಳು.

"ಗ್ರ್ಯಾಂಡ್, ಗ್ರ್ಯಾಂಡ್," ಎಲ್ಲ ಸರಿಹೋಗುತ್ತೆ ಅನ್ನೋ ಹಾಗೆ, ಎಂದು ಐರಿಶ್ ಡಾಕ್ಟರ್ ಮಗುವನ್ನು ರಮಿಸುವಂತೆ ಹೇಳಿದ.

ನೋವಾಗಲಿಲ್ಲ. ಉಕ್ಕಿನ ಬಟ್ಟಲಿಗೆ ಏನೋ ಬಿದ್ದ ಸದ್ದು ಮಾತ್ರ ಕೇಳಿಸಿತು.

ಆಮೇಲೆ ಗೋಡೆಯಾಚೆ ಗುಂಡುಗಳು ಹಾರತೊಡಗಿದವು.