ಅವನ ಕಣ್ಣಿನ ಅಳತೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅತ್ತೆ ಎಂದಿನಂತೆ ಚಹಾ ಸೋಸಿದರು, ಎಂದಿನಂತೆ ಸಕ್ಕರೆ ಮರೆತರು. ಅವಳು ಕುಡಿದಳು. ಸಪ್ಪೆ ಅನ್ನಿಸಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದಾಗಿನಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

"ಕನ್ನಡಕದಂಗಡಿ ಮಾವನ ದುರ್ಬೀನು ಕೊಟ್ಟು ಬಾ ಮಗಳೇ," ಅಂದರು ಅತ್ತೆ. "ಒಂದೇ ಮ್ಯಾಚಿಗೆ ಅಂತ ಇಸ್ಕೊಂಡು ಬಂದವನು, ಮದುವೆಯಾದರೂ ವಾಪಸ್ ಕೊಡಲಿಲ್ಲ ನನ್ನ ಮಗ. ಹೋದವನ ಮೇಲೆ ಆ ಮಾತು ಉಳೀಬಾರದು."

"ನಾಳೆ ಕೊಡ್ತೀನಿ ಅತ್ತೆ."

"ಇವತ್ತು."

ದುರ್ಬೀನು ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿತ್ತು. ತುಂಬಿದ ಬಟ್ಟಲನ್ನು ಇಳಿಸುವಂತೆ ಎರಡೂ ಕೈಯಲ್ಲಿ ಇಳಿಸಿಕೊಂಡಳು. ನಡುವಿನ ಚಕ್ರ ಅಲುಗಬಾರದು. ಕೊನೆಯ ಸಲ ಅದನ್ನು ತಿರುಗಿಸಿದ್ದು ಅವನು. ಅದಿನ್ನೂ ಅವನ ಕಣ್ಣಿಗೇ ಹೊಂದಿಕೊಂಡು ನಿಂತಿತ್ತು. ಅವಳು ನೋಡಿದರೆ ಎಲ್ಲ ಮಸುಕು. ಆ ಮಸುಕು ಅವಳಿಗೆ ಬೇಕಿತ್ತು.

ಅವರಿಬ್ಬರನ್ನು ಕೂಡಿಸಿದ್ದೂ ಅದೇ ಚಕ್ರ. ಯೂನಿವರ್ಸಿಟಿ ಗೆಳತಿಯರು ಎಳೆದುಕೊಂಡು ಹೋಗಿದ್ದ ಫುಟ್‌ಬಾಲ್ ಲೀಗ್ ಮ್ಯಾಚು. ಅವಳು ತೊಡೆಯ ಮೇಲೆ ಪುಸ್ತಕ ಬಿಡಿಸಿ ಕೂತಿದ್ದಳು. ಪಕ್ಕದ ಸೀಟಿನಲ್ಲಿ ಲಿಫ್ಟ್ ರಿಪೇರಿಯ ನೀಲಿ ಅಂಗಿಯಲ್ಲೇ ಬಂದಿದ್ದ ಒಬ್ಬ.

"ಪರೀಕ್ಷೆ ಇಲ್ಲೇ ಬರೀತೀರಾ ಮೇಡಂ?"

"ಆಟ ಬೋರು."

"ಚೆಂಡು ನೋಡ್ತಿದ್ದೀರಿ, ಅದಕ್ಕೆ. ಚೆಂಡು ಇಲ್ಲದವನನ್ನ ನೋಡಿ." ದುರ್ಬೀನು ಚಾಚಿದ.

"ಏನೂ ಕಾಣ್ತಿಲ್ಲ."

"ಚಕ್ರ ತಿರುಗಿಸಿ. ನನ್ನ ಕಣ್ಣು ಬೇರೆ, ನಿಮ್ಮ ಕಣ್ಣು ಬೇರೆ."

ತಿರುಗಿಸಿದಳು. ಎಡಗಡೆಯ ಒಬ್ಬ ಆಟಗಾರ ಬರದ ಚೆಂಡಿಗಾಗಿ ಓಡುತ್ತಿದ್ದ. ವಾಪಸ್ ಬಂದ, ಮತ್ತೆ ಓಡಿದ. ಅವನ ಹಿಂದೆ ಇಬ್ಬರು ಓಡಿದರು. ಅವರು ಬಿಟ್ಟುಹೋದ ಜಾಗಕ್ಕೆ ಇನ್ನೊಬ್ಬ ನುಗ್ಗಿದ. ಅವಳು ಉಸಿರು ಬಿಡುವುದನ್ನೇ ಮರೆತಳು. ದುರ್ಬೀನು ಇಳಿಸಿದಾಗ ಆ ನೀಲಿ ಅಂಗಿ ಅವಳನ್ನೇ ನೋಡುತ್ತಿತ್ತು.

"ಆಟ ಅಲ್ಲಿದೆ," ಅಂದಳು.

"ನಾನೂ ಚೆಂಡು ಇಲ್ಲದವರನ್ನೇ ನೋಡ್ತಿದ್ದೀನಿ."

ಮದುವೆಯಾದ ಮೇಲೆ ಪ್ರತಿ ಮ್ಯಾಚಿನಲ್ಲೂ ಅದೇ ಜಗಳ: ಅವಳು ತಿರುಗಿಸಬೇಕು, ಅವನು "ಕೆಡಿಸಿಬಿಟ್ಯಲ್ಲೇ" ಅಂತ ಮತ್ತೆ ತಿರುಗಿಸಬೇಕು. ಹಿಂದಿನ ಸೀಟಿನಿಂದ ಕನ್ನಡಕದಂಗಡಿ ಮಾವನ ಗೊಣಗಾಟ ಬೇರೆ.

"ಲೀಗ್ ಹಾಳಾಗಿ ಹೋಯ್ತು ಕಣಯ್ಯಾ. ನಮ್ಮ ಕಾಲದಲ್ಲಿ ಒಬ್ಬೊಬ್ಬನೂ ನಾಲ್ಕು ಜನರನ್ನ ಕುಣಿಸ್ತಿದ್ದ. ಈಗ ಇವನು ಅವನಿಗೆ, ಅವನು ಇವನಿಗೆ. ಆಟವಾ ಇದು, ಪೋಸ್ಟ್ ಆಫೀಸಾ?"

"ಮಂಕಾಗಿರೋದು ಲೀಗ್ ಅಲ್ಲ ಮಾವ, ನಿಮ್ಮ ಕಣ್ಣು. ನಿಮ್ಮ ಅಂಗಡೀಲೇ ತೋರಿಸ್ಕೊಳ್ಳಿ."

"ನನ್ನ ದುರ್ಬೀನು ಕೊಡು, ಕಾಣುತ್ತೆ!"

"ಲೀಗ್ ಹಾಳಾಗಿಲ್ಲ ಅಂತ ಒಪ್ಕೊಳ್ಳಿ, ಕೊಡ್ತೀನಿ."

ಮಾವ ಒಪ್ಪಲಿಲ್ಲ. ಅವನು ಕೊಡಲಿಲ್ಲ.

ಇವತ್ತು ಮಧ್ಯಾಹ್ನ ಅವಳು ಹೋದಾಗ ಅಂಗಡಿಗೆ ಬೀಗ. 'ಮ್ಯಾಚಿಗೆ ಹೋಗಿದ್ದೇನೆ' ಎಂಬ ರಟ್ಟು ತೂಗುತ್ತಿತ್ತು. ಸ್ಟೇಡಿಯಂ ರಸ್ತೆಯ ಆಚೆಗೇ ಇತ್ತು. ಇಬ್ಬರ ಸೀಸನ್ ಪಾಸೂ ಅವಳ ಪರ್ಸಿನಲ್ಲೇ ಇದ್ದವು. ಹೋಗಿ ತನ್ನ ಸೀಟಿನಲ್ಲಿ ಕೂತಳು. ಪಕ್ಕದ್ದು ಖಾಲಿ.

ಹಿಂದೆ ಮಾವ ಎದ್ದು ನಿಂತರು. "ಊಟ ಆಯ್ತಾ ಅಮ್ಮಾ?" ಅಂದರು ಕೊನೆಗೆ.

"ಆಯ್ತು ಮಾವ. ಇದನ್ನ ಕೊಡೋಕೆ ಬಂದೆ."

"ಆಟ ಮುಗೀಲಿ, ಇಟ್ಕೋ."

ದುರ್ಬೀನು ಕಣ್ಣಿಗೆ ಹಿಡಿದಳು. ಹಸಿರಿನ ಮೇಲೆ ಕೆಂಪು, ಬಿಳಿ ಕಲೆಗಳು ತೇಲಾಡಿದವು. ಅವನಿಗಾದರೆ ಇದು ಗೆರೆ ಕೊರೆದ ಹಾಗೆ ಕಾಣುತ್ತಿತ್ತು. ಆಟ ಮುಗಿಯುವವರೆಗೂ ಹೀಗೇ ಕೂತಿರಬಹುದು ಅಂದುಕೊಂಡಳು.

ಆಮೇಲೆ ಸ್ಟೇಡಿಯಂ ಎದ್ದು ನಿಂತಿತು. ಗೋಲ್‌ಕೀಪರ್‌ನಿಂದ ಹೊರಟ ಚೆಂಡು ಯಾರ ಕಾಲಿನಲ್ಲೂ ನಿಲ್ಲದೆ, ಒಬ್ಬರಿಂದೊಬ್ಬರಿಗೆ, ಮೈದಾನವನ್ನು ಹೊಲಿಯುವಂತೆ ಬರುತ್ತಿತ್ತು. ಎಡಗಡೆಯಲ್ಲಿ ಒಂದು ಬಿಳಿ ಕಲೆ ಎಲ್ಲರನ್ನೂ ಬಿಟ್ಟು ಓಡತೊಡಗಿತು. ಚೆಂಡು ಎಲ್ಲೋ, ಅದು ಎಲ್ಲೋ.

ಯಾರದು? ಎಲ್ಲಿಗೆ?

ಅವಳ ಬೆರಳು ಚಕ್ರದ ಮೇಲಿತ್ತು. ಒಮ್ಮೆ ತಿರುಗಿಸಿದರೆ ಅವನಿಟ್ಟ ಅಳತೆ ಮತ್ತೆ ಸಿಗುವುದಿಲ್ಲ. ಗೊತ್ತಿತ್ತು. ಕಲೆ ಓಡುತ್ತಲೇ ಇತ್ತು.

ತಿರುಗಿಸಿದಳು.

ಕಡ್ಡಿಯಂಥ ಹುಡುಗ, ಕಾಲುಚೀಲ ಜಾರಿದೆ, ಬಾಯಿ ತೆರೆದಿದೆ. ಇಬ್ಬರು ಡಿಫೆಂಡರುಗಳನ್ನು ತನ್ನ ಹಿಂದೆ ಎಳೆದುಕೊಂಡು ಹೋದ. ಅವನು ತೆರವು ಮಾಡಿದ ಜಾಗಕ್ಕೆ ಚೆಂಡು ಬಂತು, ಇನ್ನೊಬ್ಬ ಬಂದ, ಬಲೆ ನಡುಗಿತು. ಊರೆಲ್ಲ ಗೋಲು ಹೊಡೆದವನ ಮೇಲೆ ಬಿದ್ದಾಗ, ಓಡಿದವನು ಅತ್ತ ಹುಲ್ಲಿನ ಮೇಲೆ ಬೋರಲು ಬಿದ್ದು ಒಬ್ಬನೇ ನಗುತ್ತಿದ್ದ.

"ಅವನು ಓಡಿದ್ದು ನೋಡಿದ್ಯಾ!" ಅಂತ ಅವಳು ಪಕ್ಕಕ್ಕೆ ತಿರುಗಿದಳು.

ಆಗ ಅಳು ಬಂತು. ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂದು ಜೋರಾಗಿ, ಮನಸಾರೆ ಅತ್ತಳು. ಹಿಂದಿನಿಂದ ಒಂದು ಕೈ ಬಂದು ಅವಳ ತಲೆಯ ಮೇಲೆ ಕೂತಿತು. ಸೀಟಿ ಊದುವವರೆಗೂ ಅಲ್ಲೇ ಇತ್ತು.

ಜನ ಕರಗಿದ ಮೇಲೆ ಕೊರಳಿನಿಂದ ದುರ್ಬೀನಿನ ಪಟ್ಟಿ ತೆಗೆದು, ಅದಕ್ಕೇ ಸುತ್ತಿ ಮಾವನ ಕೈಗಿಟ್ಟಳು.

"ಚಕ್ರ ಅವರು ಬಿಟ್ಟ ಹಾಗೇ ಇಟ್ಕೊಂಡಿದ್ದೆ ಮಾವ. ಲೀಗ್ ಹಾಳಾಗಿದ್ದಿದ್ರೆ ನಾನು ಅದನ್ನ ತಿರುಗಿಸ್ತಿರಲಿಲ್ಲ."

ಮಾವ ಅವಳ ಮುಖ ನೋಡಲಿಲ್ಲ. ಪಕ್ಕದ ಖಾಲಿ ಸೀಟಿನ ಕಡೆ ತಿರುಗಿದರು.

"ಆಯ್ತು ಬಿಡಯ್ಯಾ," ಅಂದರು, "ಒಪ್ಪಿದೆ."